ಶುಕ್ರವಾರದ ವಾಸನೆ

ನಮ್ಮ ಬೀದಿಯಲ್ಲಿ ವಾಸನೆಯ ಮಾತನ್ನು ಯಾರೂ ನಂಬುವುದಿಲ್ಲ.
ಬೆಳಗಿನ ನಾಲ್ಕಕ್ಕೇ ಭಟ್ಟಿಗಳು ಹೊತ್ತಿಕೊಂಡು
ಕಾದ ಮರಳಲ್ಲಿ ಅಕ್ಕಿ ಅರಳತೊಡಗಿದರೆ
ಹರವಿದ ಬಟ್ಟೆ, ಮಕ್ಕಳ ನೆತ್ತಿ, ಕೊಡದ ನೀರು
ಎಲ್ಲಕ್ಕೂ ಮಂಡಕ್ಕಿಯದೇ ವಾಸನೆ.
ಶುಕ್ರವಾರ ಮಾತ್ರ ಭಟ್ಟಿಗೆ ರಜೆ.
ಅಂಥದೊಂದು ಶುಕ್ರವಾರ ರಾತ್ರಿ,
ದಾವಣಗೆರೆಯ ಒಲೆಗಳೆಲ್ಲ ತಣ್ಣಗಿರುವಾಗ,
ನನ್ನ ಅಟ್ಟದಿಂದ ಬೇಯುವ ಅಕ್ಕಿಯ ಘಮ
ಏಣಿ ಇಳಿದು ಬಂತು.

ನಾದಿನಿ ಜಿನ್ ಅಂದಳು.
ಮನೆ ಮಾಲೀಕ ಹೆಗ್ಗಣ ಅಂದ, ಬಾಡಿಗೆ ಎಣಿಸುತ್ತಲೇ.
ಗಂಡ ಮಗ್ಗುಲು ಬದಲಿಸಿದ.

ಹಂಚು ಹೊದಿಸುವ ಬುಡೇನ್‌ಸಾಬರನ್ನು ಕರೆಸಿದೆ.
ಎಪ್ಪತ್ತು ದಾಟಿದ ಮೊಣಕಾಲು;
ನೆಲದ ಮೇಲಷ್ಟೇ ನೋಯುತ್ತದಂತೆ,
ಏಣಿಯ ಮೇಲೆ ಸುಮ್ಮನಿರುತ್ತದಂತೆ.
ಮಾಡಿನ ಮೂಲೆಯಿಂದ ಕೂಗಿದರು:
“ಒಡದಿಲ್ಲ ಬೇಟಿ, ಸರಿಸೈತಿ.
ಕೋತಿ ಆಗಿದ್ರೆ ನಾಕು ಹಂಚು ಪುಡಿ ಆಗ್ತಿದ್ವು.
ಹೆಗ್ಗಣಕ್ಕ ಆಕಾಶ ಗೊತ್ತಿಲ್ಲ, ಅದು ನೆಲ ಕೊರದು ಬರ್ತತಿ.
ಇದು ತನ್ನ ಮನಿ ಬಾಗ್ಲಾ ತಗದಂಗ ತಗದೈತಿ.
ನೀನೂ ಹತ್ತಿ ಬಾ.”

ಹತ್ತಿದೆ.
ಹಂಚಿನ ತುಂಬ ಹೊಟ್ಟಿನ ಬೂದಿ,
ಹನ್ನೆರಡು ವರ್ಷ ನಾನು ಬೈದು ಗುಡಿಸಿದ ಬೂದಿ,
ಈಗ ಒಂದು ಹಾಳೆಯ ಹಾಗೆ ಹರಡಿಕೊಂಡಿತ್ತು.
ಅದರ ಮೇಲೆ ಪುಟ್ಟ ಪುಟ್ಟ ಹೆಜ್ಜೆ.
“ಬೆರಳು ಎಣಿಸು. ನಾಕಿದ್ರೆ ಬೆಕ್ಕು.”
ಐದಿದ್ದವು.
“ಪುನುಗಿನ ಬೆಕ್ಕು,” ಅಂದರು, ನೆಂಟರ ಹೆಸರು ಹೇಳುವಂತೆ.
“ಅದರ ಮೈ ವಾಸ್ನೆನೇ ಹಂಗ. ಬಿಸಿ ಅಕ್ಕಿ.
ಈ ಬೀದ್ಯಾಗ ಅಡಗಿ ಕುಂದ್ರಾಕ
ಇದಕ್ಕಿಂತ ಚಲೋ ಜಾಗ ಎಲ್ಲೈತಿ?”

ಗೋಡೆಯ ತಲೆಯ ಮೇಲೆ, ಒಂದೇ ಜಾಗದಲ್ಲಿ,
ದಿನವೂ ಲೆಕ್ಕ ಒಪ್ಪಿಸಿದ ಹಾಗೆ ಒಣಗಿದ ಹಿಕ್ಕೆ.
ಬುಡೇನ್‌ಸಾಬರು ಕಡ್ಡಿಯಿಂದ ಕೆದಕಿದರು:
ಬೇವಿನ ಬೀಜ, ನೇರಳೆ ಬೀಜ,
ಪೇರಲದ ಸಣ್ಣ ಕಾಳು.
ಆಮೇಲೆ ಉದ್ದನೆಯದೊಂದು,
ನಡುವೆ ಗೀರಿದ ಗೆರೆ.
ಇನ್ನೊಂದು. ಮತ್ತೊಂದು.

ಖರ್ಜೂರದ ಬೀಜ ಯಾರಿಗೆ ಗೊತ್ತಾಗುವುದಿಲ್ಲ.

ರಂಜಾನಿನ ಎರಡನೇ ವಾರ
ಅಟ್ಟದ ಡಬ್ಬಿಯಲ್ಲಿ ಹನ್ನೊಂದು ಖರ್ಜೂರ ಕಡಿಮೆ ಬಿದ್ದವು.
ಮುಚ್ಚಳ ಕಡಿದಿರಲಿಲ್ಲ, ತೆಗೆದಿತ್ತು.
ಇಲಿಗೆ ಹಲ್ಲುಂಟು, ಕೈಯಿಲ್ಲ; ಕೈಯಿದ್ದವನು ಒಬ್ಬನೇ,
ಚೀಲ ಏರಿಸಲು ಅಟ್ಟಕ್ಕೆ ಹತ್ತುತ್ತಿದ್ದ ಹೊನ್ನೂರ.
ಎಲ್ಲರೆದುರು ಅವನ ಜೇಬು ಒಳಮಗ್ಗುಲು ಮಾಡಿಸಿದೆ.
ಒಂದು ಬೀಡಿ, ಬಸ್ಸಿನ ಚೀಟಿ, ಮಂಡಕ್ಕಿಯ ಪುಡಿ.
ಏನೂ ಸಿಗದ್ದೇ ಸಾಕ್ಷಿ ಅಂದೆ.
ನುಂಗಿದ್ದಾನೆ ಅಂದೆ.
ಅವನು ಜೇಬನ್ನು ಒಳಗೆ ತುರುಕಿಕೊಳ್ಳದೆ
ಹಾಗೇ, ಎರಡು ಬಿಳಿ ಕಿವಿ ಜೋತಾಡಿಸಿಕೊಂಡು
ಬೀದಿಯುದ್ದಕ್ಕೂ ನಡೆದುಹೋದ.

ಬೀಜಗಳನ್ನು ತೊಳೆದೆ. ಏಳು.
ಹಳೆಯ ಪೇಪರಿನಲ್ಲಿ ಕಟ್ಟಿ ಮೂರನೇ ಸಾಲಿನ ಭಟ್ಟಿಗೆ ಹೋದೆ.
ಹೊಗೆಯೊಳಗೆ ಅವನು ಜರಡಿ ಹಿಡಿದಿದ್ದ,
ಹುಬ್ಬಿನ ಮೇಲೆ ಬೂದಿ, ಈಗ ಸಣ್ಣ ಮೀಸೆ.
ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು
ಬಾಣಲೆಯ ಸದ್ದಿನಲ್ಲಿ ಎಲ್ಲೋ ಬಿದ್ದುಹೋಯಿತು.
“ಬೆಕ್ಕು,” ಅಂದೆ. “ಪುನುಗಿನ ಬೆಕ್ಕು ತಿಂದದ್ದು.”
ಪೊಟ್ಟಣ ಕೊಟ್ಟೆ.

ಬಿಚ್ಚಿದ. ಒಂದೊಂದೇ ಸರಿಸಿ ಎಣಿಸಿದ.
“ಏಳದಾವ,” ಅಂದ.
“ಅವತ್ತು ಹನ್ನೊಂದು ಅಂದಿದ್ರಿ.”
ಮಡಚಿ ನನ್ನ ಕೈಗೇ ಕೊಟ್ಟ.
ಜರಡಿ ಮತ್ತೆ ಅಲ್ಲಾಡತೊಡಗಿತು.

ಮನೆಗೆ ಬಂದರೆ ಬುಡೇನ್‌ಸಾಬರು ಇನ್ನೂ ಮಾಡಿನ ಮೇಲೆ,
ಹೊಸ ಹಂಚು ತೊಡೆಯ ಮೇಲಿಟ್ಟುಕೊಂಡು.
“ಮುಚ್ಚಿಬಿಡ್ಲೇನು?”

“ಇವತ್ತು ಬೇಡ ಚಾಚಾ,” ಅಂದೆ,
“ಇನ್ನೂ ನಾಕು ಹುಡುಕೋದೈತಿ.”